ಅಮೆರಿಕದ ಬಡ ಬಡಾವಣೆಗಳಿಗೆ ವೇಗದ ಇಂಟರ್ನೆಟ್ ಯಾಕೆ ತಲುಪಲಿಲ್ಲ?

2020ರ ಆಗಸ್ಟ್‌ನಲ್ಲಿ ಒಂದು ಫೋಟೊ ಅಮೆರಿಕದ ತುಂಬಾ ಹರಿದಾಡಿತು. ಕ್ಯಾಲಿಫೋರ್ನಿಯಾದ ಸಲಿನಾಸ್ ಊರಿನ ಫೋಟೊ ಅದು. ಟಾಕೊ ಬೆಲ್ ಅಂಗಡಿಯ ಹೊರಗೆ, ಸಿಮೆಂಟ್ ನೆಲದ ಮೇಲೆ ಇಬ್ಬರು ಪುಟ್ಟ ಹುಡುಗಿಯರು ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಾರೆ. ಕೊರೊನಾ ಅಂತ ಶಾಲೆ ಮುಚ್ಚಿತ್ತು, ಪಾಠವೆಲ್ಲ ಆನ್‌ಲೈನ್ ಆಗಿತ್ತು. ಮನೆಯಲ್ಲಿ ಇಂಟರ್ನೆಟ್ ಇಲ್ಲ. ಅಂಗಡಿಯ ಉಚಿತ ವೈಫೈ ಸಿಗುವ ಜಾಗ ಹುಡುಕಿಕೊಂಡು ಬಂದಿದ್ದರು.

ಸಲಿನಾಸ್ ಅಂದರೆ ಲೆಟ್ಯೂಸ್ ಸೊಪ್ಪು ಬೆಳೆಯುವ ಊರು. ಅಲ್ಲಿ ಹೊಲದಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೊ ಮೂಲದವರು. ನಮ್ಮ ಕಡೆಯ ಎಷ್ಟೋ ಇಂಜಿನಿಯರುಗಳು ಕೆಲಸ ಮಾಡುವ ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಜಗತ್ತಿಗೆಲ್ಲ ಕಂಪ್ಯೂಟರ್, ಫೋನು, ಸಾಫ್ಟ್‌ವೇರ್ ಕೊಡುವ ಜಾಗದ ಬಗಲಲ್ಲೇ ಮಕ್ಕಳು ಹೋಮ್‌ವರ್ಕ್ ಮಾಡಲು ತಿಂಡಿ ಅಂಗಡಿಯ ಮುಂದೆ ಕೂರಬೇಕಾಯಿತು. ಫೋಟೊ ಸುದ್ದಿಯಾದ ಮೇಲೆ ಶಾಲೆಯವರು ಆ ಮನೆಗೆ ಹಾಟ್‌ಸ್ಪಾಟ್ ಕೊಟ್ಟರು. ಆದರೆ ಫೋಟೊಗೆ ಸಿಗದ ಮಕ್ಕಳು ಲಕ್ಷಗಟ್ಟಲೆ ಇದ್ದರು.

ಅದೇ ವರ್ಷ ನಮ್ಮ ಮಲೆನಾಡಿನಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಅಲ್ಲಿ ಟವರ್ ದೂರ, ನಡುವೆ ಕಾಡು, ಘಟ್ಟ. ಅಮೆರಿಕದ ನಗರಗಳ ಸಮಸ್ಯೆ ಬೇರೆ ಥರದ್ದು. ಅಲ್ಲಿ ಕಾಡೂ ಇಲ್ಲ, ಘಟ್ಟವೂ ಇಲ್ಲ. ನಗರದ ನಟ್ಟನಡುವೆಯೇ ಒಂದು ಬಡಾವಣೆಗೆ ಒಳ್ಳೆಯ ಸಂಪರ್ಕ ಸಿಗುತ್ತದೆ, ನಾಲ್ಕು ರಸ್ತೆ ದಾಟಿದರೆ ಸಿಗುವುದಿಲ್ಲ. ಯಾವ ಬಡಾವಣೆಗೆ ಸಿಗುತ್ತದೆ, ಯಾವುದಕ್ಕೆ ಇಲ್ಲ ಅಂತ ನೋಡುತ್ತಾ ಹೋದರೆ ಎರಡು ಸಂಗತಿ ಎದುರಾಗುತ್ತವೆ. ಒಂದು, ಅಲ್ಲಿನವರ ಬಡತನ. ಇನ್ನೊಂದು, ಅಲ್ಲಿನವರ ಬಣ್ಣ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಪ್ಯೂ ರಿಸರ್ಚ್ ಸೆಂಟರ್ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಬಿಳಿಯರಲ್ಲಿ ಶೇ 80ರಷ್ಟು ವಯಸ್ಕರ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಕಪ್ಪು ಜನರಲ್ಲಿ ಶೇ 71, ಹಿಸ್ಪಾನಿಕ್ ಅಥವಾ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರಲ್ಲಿ ಶೇ 65. ಮನೆಯಲ್ಲಿ ಕಂಪ್ಯೂಟರ್ ಇದ್ದವರ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ: ಶೇ 80, 69 ಮತ್ತು 67. ಸ್ಮಾರ್ಟ್‌ಫೋನ್ ವಿಷಯದಲ್ಲಿ ಮಾತ್ರ ಮೂರು ಗುಂಪಿನ ನಡುವೆ ವ್ಯತ್ಯಾಸ ಇಲ್ಲ ಅಂತಲೇ ಹೇಳಬಹುದು. ಅಂದರೆ ಫೋನ್ ಕೊಳ್ಳುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ. ತಂತಿಯ ಮೂಲಕ ಮನೆಗೆ ಬರಬೇಕಾದ ಸಂಪರ್ಕದಲ್ಲೇ ಅಂತರ ಇರುವುದು.

ಯಾಕೆ ಹೀಗೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಬಡವರ ಹತ್ತಿರ ದುಡ್ಡಿಲ್ಲ ಅನ್ನುವುದು ಒಂದು. ಅವರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ, ಇದರ ಬೆಲೆ ಗೊತ್ತಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು, ಮತ್ತು ಅದು ಸುಳ್ಳು ಅಂತ ಗೊತ್ತಾಗಿ ಬಹಳ ವರ್ಷವಾಯಿತು.

ಕರೆನ್ ಮಾಸ್‌ಬರ್ಗರ್, ಕ್ಯಾರೊಲಿನ್ ಟೋಲ್ಬರ್ಟ್ ಮತ್ತು ಮಿಶೆಲ್ ಗಿಲ್ಬರ್ಟ್ ಎಂಬ ಮೂವರು ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಕ್ತಿಯ ಆದಾಯ, ಓದು, ಬಣ್ಣ ಇವಿಷ್ಟನ್ನೇ ನೋಡದೆ, ಆತ ವಾಸಿಸುವ ಜಾಗ ಎಂಥದ್ದು ಅನ್ನುವುದನ್ನೂ ಅವರು ಲೆಕ್ಕಕ್ಕೆ ತಂದರು. ಆಗ ಚಿತ್ರವೇ ಬದಲಾಯಿತು. ಕಪ್ಪು ಜನರ ವಿಷಯದಲ್ಲಿ ಬಣ್ಣದಿಂದ ಬಂದಂತೆ ಕಾಣುತ್ತಿದ್ದ ಅಂತರದ ಹಿಂದೆ ನಿಜವಾಗಿ ಇದ್ದದ್ದು ಅವರಿದ್ದ ಬಡಾವಣೆ. ಇನ್ನೂ ಮುಖ್ಯವಾದ ಮಾತೊಂದಿದೆ. ಅದೇ ಸ್ಥಿತಿಯಲ್ಲಿರುವ ಬಿಳಿಯರಿಗಿಂತ ಕಪ್ಪು ಜನರಿಗೆ ಕಂಪ್ಯೂಟರ್, ಇಂಟರ್ನೆಟ್ ಬಗ್ಗೆ ಒಲವು ಜಾಸ್ತಿಯೇ ಇತ್ತು. ಆಸೆ ಇತ್ತು, ದಾರಿ ಇರಲಿಲ್ಲ. ಲ್ಯಾಟಿನೊ ಜನರ ವಿಷಯದಲ್ಲಿ ಮಾತ್ರ ಜಾಗವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು.

ಹಾಗಾದರೆ ಇದು ಬಡತನದ ಪ್ರಶ್ನೆ, ಬಣ್ಣದ್ದಲ್ಲ ಅಂತ ಯಾರಾದರೂ ಅನ್ನಬಹುದು. ಅವಸರ ಬೇಡ. ಅಮೆರಿಕದಲ್ಲಿ ಮಧ್ಯಮ ವರ್ಗದ ಕಪ್ಪು ಕುಟುಂಬ ಕೂಡ ಅಷ್ಟೇ ಸಂಬಳದ ಬಿಳಿ ಕುಟುಂಬಕ್ಕಿಂತ ಬಡ ಬಡಾವಣೆಯಲ್ಲಿ ವಾಸಿಸುವುದೇ ಹೆಚ್ಚು. ಸಂಬಳ ಒಂದೇ, ವಿಳಾಸ ಬೇರೆ. ಯಾರು ಎಲ್ಲಿ ವಾಸಿಸಬೇಕು ಅನ್ನುವುದನ್ನು ಬಣ್ಣ ನೋಡಿ ತೀರ್ಮಾನ ಮಾಡಿದ್ದರು. ಆಮೇಲೆ ಆ ವಿಳಾಸವೇ ಉಳಿದಿದ್ದನ್ನೆಲ್ಲ ತೀರ್ಮಾನ ಮಾಡುತ್ತಾ ಬಂತು. ಊರಿನ ಡಾಂಬರು ರಸ್ತೆ ಕೇರಿಯ ಬಾಯಿಗೆ ಬಂದು ನಿಂತುಬಿಡುವುದನ್ನು ಕಂಡವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆ ತೀರ್ಮಾನಕ್ಕೆ ಕಾಗದಪತ್ರದ ಸಾಕ್ಷಿಯೇ ಇದೆ. 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಮನೆ ಸಾಲದ ನೆರವಿಗೆ ಅಂತ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. 1935ರಿಂದ 1940ರ ನಡುವೆ ಅದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಬಡಾವಣೆಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ. ಎ ಅಂದರೆ ಹಸಿರು, ಸಾಲ ಕೊಡಲು ಉತ್ತಮ. ಡಿ ಅಂದರೆ ಕೆಂಪು, ಅಪಾಯ. ಪ್ರತಿ ಬಡಾವಣೆಗೂ ಒಂದು ಫಾರಂ ತುಂಬುತ್ತಿದ್ದರು. ಅದರಲ್ಲಿ ಕಪ್ಪು ಜನ ಇದ್ದಾರಾ, ಎಷ್ಟು ಪಾಲು ಅಂತ ಒಂದು ಸಾಲು. ಹೊಸದಾಗಿ ಯಾರು ‘ನುಸುಳುತ್ತಿದ್ದಾರೆ’ ಅಂತ ಇನ್ನೊಂದು ಸಾಲು. ಸರ್ಕಾರಿ ಫಾರಂನಲ್ಲೇ ಅಚ್ಚಾದ ಸಾಲುಗಳಿವು. ಅದೇ ಕಾಲದಲ್ಲಿ ಮನೆ ಸಾಲಕ್ಕೆ ವಿಮೆ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಕೂಡ ಕಪ್ಪು ಬಡಾವಣೆಗಳನ್ನು ದೂರ ಇಟ್ಟಿತು. ನಕ್ಷೆಯಿಂದಲೇ ಎಲ್ಲವೂ ಆಯಿತು ಅಂತಲ್ಲ, ತಾರತಮ್ಯ ಅದಕ್ಕೂ ಮುಂಚೆಯೇ ಇತ್ತು. ನಕ್ಷೆ ಅದಕ್ಕೆ ಸರ್ಕಾರದ ಮೊಹರು ಒತ್ತಿತು. 1968ರಲ್ಲಿ ಮನೆ ವಿಷಯದ ತಾರತಮ್ಯವನ್ನು ಕಾನೂನು ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ ಆ ಬಡಾವಣೆಗಳಿಗೆ ಸಾಲವೂ ಇಲ್ಲ, ಬಂಡವಾಳವೂ ಇಲ್ಲ ಅನ್ನುವಂತಾಗಿತ್ತು.

ಇದಕ್ಕೂ ಇಂಟರ್ನೆಟ್ಟಿಗೂ ಏನು ಸಂಬಂಧ? ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರವನ್ನು ನೋಡಿದರೆ ಗೊತ್ತಾಗುತ್ತದೆ.

ಕ್ಲೀವ್‌ಲ್ಯಾಂಡ್ ಒಂದು ಕಾಲದ ಉಕ್ಕಿನ ನಗರ. ಪೂರ್ವ ಭಾಗದ ಹಫ್, ಗ್ಲೆನ್‌ವಿಲ್, ಫೇರ್‌ಫ್ಯಾಕ್ಸ್, ಸೆಂಟ್ರಲ್ ಬಡಾವಣೆಗಳಲ್ಲಿ ಕಪ್ಪು ಜನ ಹೆಚ್ಚು, ಬಡತನವೂ ಹೆಚ್ಚು. ಇಲ್ಲಿನ ಹಳೆಯ ಟೆಲಿಫೋನ್ ಜಾಲ ಎಟಿ ಅಂಡ್ ಟಿ ಕಂಪನಿಯದು. 2016ರಲ್ಲಿ ಒಂದು ವಿಚಿತ್ರ ನಡೆಯಿತು. ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿಯನ್ನು ಕೊಳ್ಳಲು ಅನುಮತಿ ಪಡೆದಾಗ ಸರ್ಕಾರ ಹಾಕಿದ ಷರತ್ತಿನಂತೆ, ಆ ಕಂಪನಿ ಬಡ ಕುಟುಂಬಗಳಿಗೆ ತಿಂಗಳಿಗೆ 5ರಿಂದ 10 ಡಾಲರಿಗೆ ಇಂಟರ್ನೆಟ್ ಕೊಡುವ ಯೋಜನೆ ಶುರು ಮಾಡಿತು. ಸರ್ಕಾರದ ಆಹಾರ ನೆರವು ಪಡೆಯುವವರಿಗೆ ಈ ಸೌಲಭ್ಯ. ಕ್ಲೀವ್‌ಲ್ಯಾಂಡ್‌ನ ಸ್ವಯಂಸೇವಾ ಸಂಸ್ಥೆಗಳವರು ಜನರಿಗೆ ಅರ್ಜಿ ಹಾಕಿಸಿದರು. ಎಷ್ಟೋ ಅರ್ಜಿಗಳು ವಾಪಸ್ ಬಂದವು. ಕಾರಣ ಕೇಳಿದರೆ, ನಿಮ್ಮ ವಿಳಾಸಕ್ಕೆ 3 ಮೆಗಾಬಿಟ್ ವೇಗ ಕೂಡ ಸಿಗುವುದಿಲ್ಲ, ಹಾಗಾಗಿ ನೀವು ಅರ್ಹರಲ್ಲ! ಬಡವರಿಗೆಂದೇ ಮಾಡಿದ ಯೋಜನೆಗೆ ಬಡವರ ಬಡಾವಣೆಯೇ ಅಡ್ಡ ಬಂತು. ಗಲಾಟೆಯಾದ ಮೇಲೆ ಕಂಪನಿ ಆ ನಿಯಮ ಕೈಬಿಟ್ಟಿತು.

ಅಷ್ಟಕ್ಕೇ ಬಿಡದೆ, ಯಾಕೆ ಇಷ್ಟು ಕಡಿಮೆ ವೇಗ ಅಂತ ಕೆಲವರು ಹುಡುಕಲು ಹೊರಟರು. ನ್ಯಾಷನಲ್ ಡಿಜಿಟಲ್ ಇನ್‌ಕ್ಲೂಷನ್ ಅಲಯನ್ಸ್ ಮತ್ತು ಕನೆಕ್ಟ್ ಯುವರ್ ಕಮ್ಯುನಿಟಿ ಎಂಬ ಸಂಸ್ಥೆಗಳು, ಕಂಪನಿಯೇ ಕೇಂದ್ರ ಸರ್ಕಾರದ ಸಂವಹನ ಆಯೋಗಕ್ಕೆ ಕೊಟ್ಟಿದ್ದ ಮಾಹಿತಿಯನ್ನು ಬ್ಲಾಕ್ ಬ್ಲಾಕ್ ಆಗಿ ನಕ್ಷೆಗೆ ಇಳಿಸಿದವು. 2017ರ ಮಾರ್ಚ್‌ನಲ್ಲಿ ವರದಿ ಬಂತು. ಫೋನಿನ ತಾಮ್ರದ ತಂತಿ ಉದ್ದವಾದಷ್ಟೂ ಇಂಟರ್ನೆಟ್ ವೇಗ ಕುಸಿಯುತ್ತದೆ. ಅದಕ್ಕೆ ಕಂಪನಿಗಳು ಬಡಾವಣೆಯ ಒಳಗಿನ ಪೆಟ್ಟಿಗೆಯವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ಮಾತ್ರ ತಾಮ್ರ ಬಳಸುತ್ತವೆ. ನಗರದ ಹೊರವಲಯದ ಉಪನಗರಗಳಲ್ಲಿ ಈ ಕೆಲಸ ಆಗಿತ್ತು. ಶೇ 35ಕ್ಕಿಂತ ಹೆಚ್ಚು ಬಡತನ ಇರುವ ನಗರದ ಬಡಾವಣೆಗಳಲ್ಲಿ ಬಹುಪಾಲು ಆಗಿರಲಿಲ್ಲ. ಅಲ್ಲಿನ ಮನೆಗಳು ಇನ್ನೂ ದೂರದ ಎಕ್ಸ್‌ಚೇಂಜಿನಿಂದ ಬರುವ ಹಳೆಯ ತಂತಿಯನ್ನೇ ನಂಬಿಕೊಂಡಿದ್ದವು. ಈ ವರದಿ ಅದನ್ನು ‘ಡಿಜಿಟಲ್ ರೆಡ್‌ಲೈನಿಂಗ್’ ಎಂದು ಕರೆಯಿತು, ಅಂದರೆ ಆ ಹಳೆಯ ನಕ್ಷೆಯ ಕೆಂಪು ಗೆರೆಯ ಡಿಜಿಟಲ್ ರೂಪ. ಕಂಪನಿ ಈ ಆರೋಪವನ್ನು ಒಪ್ಪಲಿಲ್ಲ.

ಇಲ್ಲಿ ಒಂದು ಸಣ್ಣ ಕಾನೂನಿನ ಕತೆ ಇದೆ. ಅದು ಜಾಸ್ತಿ ಜನರಿಗೆ ಗೊತ್ತಿಲ್ಲ, ಆದರೆ ನನ್ನ ಪ್ರಕಾರ ಇಡೀ ವಿಷಯದ ಕೀಲಿ ಅಲ್ಲೇ ಇದೆ. ಮೊದಲೆಲ್ಲ ಕೇಬಲ್ ಕಂಪನಿಗಳು ಆಯಾ ನಗರಸಭೆಯ ಹತ್ತಿರ ಪರವಾನಗಿ ಪಡೆಯಬೇಕಿತ್ತು. ನಮ್ಮ ರಸ್ತೆ ಅಗೆಯಬೇಕಾದರೆ ಊರಿಗೆಲ್ಲ ಸೇವೆ ಕೊಡಬೇಕು ಅಂತ ನಗರಸಭೆ ಷರತ್ತು ಹಾಕಬಹುದಿತ್ತು. ಕ್ಲೀವ್‌ಲ್ಯಾಂಡ್‌ನ ಬಡ ಬೀದಿಗಳಿಗೂ ಟಿವಿ ಕೇಬಲ್ ಬಂದಿದ್ದು ಹಾಗೆ. ಫೋನ್ ಕಂಪನಿಗಳು ತಾವೂ ಟಿವಿ ಸೇವೆ ಕೊಡುತ್ತೇವೆ ಅಂತ ಬಂದಾಗ ಒಹಾಯೊ ರಾಜ್ಯ 2007ರಲ್ಲಿ ಕಾನೂನು ಬದಲಿಸಿತು. ಪರವಾನಗಿ ಇನ್ನು ಮೇಲೆ ರಾಜ್ಯದಿಂದ, ನಗರಸಭೆಯ ಹಿಡಿತ ಹೋಯಿತು. ಇಡೀ ಊರಿಗೆ ಕೊಡಿ ಅಂತ ಹೇಳುವವರೇ ಇಲ್ಲವಾದರು. ಆಮೇಲೆ ಕಂಪನಿ ಲಾಭ ಬರುವ ಕಡೆ ಫೈಬರ್ ಹಾಕಿತು, ಉಳಿದ ಕಡೆ ಬಿಟ್ಟಿತು. ಯಾರೂ ಕೂತು ಕಪ್ಪು ಜನರಿಗೆ ಕೊಡಬಾರದು ಅಂತ ನಿರ್ಧರಿಸಬೇಕಾಗಿಯೇ ಇರಲಿಲ್ಲ. ಯಾವ ಬಡಾವಣೆಯಿಂದ ದುಡ್ಡು ಬರುತ್ತದೆ ಅನ್ನುವ ಲೆಕ್ಕ 1930ರ ದಶಕದಲ್ಲೇ ತೀರ್ಮಾನವಾಗಿ ಹೋಗಿತ್ತು.

ಇನ್ನೊಂದು ಪರಿಣಾಮವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಫೋನ್ ಕಂಪನಿಯ ತಂತಿ ನಿಧಾನವಾದ ಕಡೆ ವೇಗದ ಇಂಟರ್ನೆಟ್ ಬೇಕಾದವರಿಗೆ ಕೇಬಲ್ ಕಂಪನಿಯೊಂದೇ ಗತಿ. ಪೈಪೋಟಿ ಇಲ್ಲ ಅಂದಮೇಲೆ ಅವರು ಹೇಳಿದ್ದೇ ರೇಟು. ಬಡವರು ಇರುವಲ್ಲೇ ಆಯ್ಕೆ ಕಡಿಮೆ.

ಇದು ಬರೀ ಕ್ಲೀವ್‌ಲ್ಯಾಂಡ್ ಕತೆ ಇರಬಹುದು ಅಂದುಕೊಂಡವರಿಗೆ 2022ರ ಅಕ್ಟೋಬರ್‌ನಲ್ಲಿ ಉತ್ತರ ಸಿಕ್ಕಿತು. ದಿ ಮಾರ್ಕಪ್ ಎಂಬ ಸುದ್ದಿ ಸಂಸ್ಥೆ ಎಟಿ ಅಂಡ್ ಟಿ, ವೆರೈಝನ್, ಸೆಂಚುರಿಲಿಂಕ್, ಅರ್ತ್‌ಲಿಂಕ್ ಕಂಪನಿಗಳ 8 ಲಕ್ಷಕ್ಕೂ ಹೆಚ್ಚು ಆಫರ್‌ಗಳನ್ನು ಒಂದೊಂದು ವಿಳಾಸಕ್ಕೂ ಕಲೆಹಾಕಿತು. ಒಟ್ಟು 38 ನಗರಗಳು. ಒಂದೇ ಊರು, ಒಂದೇ ಕಂಪನಿ, ಒಂದೇ ಬಿಲ್ಲು. ಒಂದು ಬಡಾವಣೆಗೆ 200 ಮೆಗಾಬಿಟ್ ಅಥವಾ ಅದಕ್ಕಿಂತ ಹೆಚ್ಚು, ಇನ್ನೊಂದಕ್ಕೆ 25ಕ್ಕಿಂತ ಕಡಿಮೆ. ಶೇ 90ಕ್ಕಿಂತ ಹೆಚ್ಚು ನಗರಗಳಲ್ಲಿ ಕೆಟ್ಟ ಆಫರ್ ಹೆಚ್ಚಾಗಿ ಬಿದ್ದಿದ್ದು ಬಡ ಬಡಾವಣೆಗಳ ಪಾಲಿಗೆ. ಹಳೆಯ ಕೆಂಪು ನಕ್ಷೆಗಳ ಜೊತೆ ಹೋಲಿಸಲು ಸಾಧ್ಯವಾದ 22 ನಗರಗಳಲ್ಲಿ ಒಂದನ್ನೂ ಬಿಡದೆ, ಅಂದು ‘ಅಪಾಯ’ ಎಂದು ಗುರುತಿಸಿದ್ದ ಕಡೆ ಇಂದಿಗೂ ಕೆಟ್ಟ ಆಫರ್ ಜಾಸ್ತಿ. ಬಣ್ಣ ನೋಡಿ ನಾವು ಏನೂ ಮಾಡಿಲ್ಲ, ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಅಂತ ಉದ್ಯಮದವರು ವಾದಿಸಿದರು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಹೀಗೆ ಬಂದರೆ ಅದನ್ನು ಕಾಕತಾಳೀಯ ಅಂತ ಒಪ್ಪಲು ನನಗಂತೂ ಆಗುವುದಿಲ್ಲ.

ತಂತಿ ಒಂದು ಕಡೆಯಾದರೆ, ಕಲಿಯುವ ಅವಕಾಶ ಇನ್ನೊಂದು ಕಡೆ. ನಾವು ಕಂಪ್ಯೂಟರ್ ಕಲಿತಿದ್ದು ಹೇಗೆ ಅಂತ ಯೋಚಿಸಿ. ಆಫೀಸಿನಲ್ಲಿ ಪಕ್ಕದ ಸೀಟಿನವರು ತೋರಿಸಿಕೊಟ್ಟರು. ಕಸಿನ್ ಒಬ್ಬ ಬಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಪಕ್ಕದ ಮನೆಯ ಹುಡುಗಿ ಅಪ್ಪನ ಪಿಂಚಣಿ ಅರ್ಜಿ ತುಂಬಿಕೊಟ್ಟಳು. ಬಡತನವೇ ತುಂಬಿದ ಬಡಾವಣೆಯಲ್ಲಿ ಕಂಪ್ಯೂಟರ್ ಬಳಸುವ ಕೆಲಸಗಳೇ ಕಡಿಮೆ, ಹಾಗಾಗಿ ಹೇಳಿಕೊಡುವವರೂ ಕಡಿಮೆ. ಉಳಿಯುವುದು ಸಾರ್ವಜನಿಕ ಗ್ರಂಥಾಲಯ. ಅಲ್ಲಿ ಕಂಪ್ಯೂಟರ್ ಮುಂದೆ ಕೂರಲು ಸರದಿ, ಕೂತ ಮೇಲೆ ಸಮಯದ ಮಿತಿ. 1996ರ ಕಾನೂನಿನಿಂದ ಬಂದ ಇ-ರೇಟ್ ಯೋಜನೆ ಬಡ ಶಾಲೆ ಮತ್ತು ಗ್ರಂಥಾಲಯಗಳ ಇಂಟರ್ನೆಟ್ ಖರ್ಚಿನಲ್ಲಿ ಶೇ 90ರವರೆಗೂ ರಿಯಾಯಿತಿ ಕೊಡುತ್ತದೆ. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ 2020ರಲ್ಲಿ ಶಾಲೆ, ಗ್ರಂಥಾಲಯ ಎರಡೂ ಒಟ್ಟಿಗೆ ಮುಚ್ಚಿದವು.

ಫೋನ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಎಲ್ಲರ ಕೈಯಲ್ಲೂ ಇದೆ. ಆ ಸಣ್ಣ ಪರದೆಯಲ್ಲಿ ಎರಡು ಪುಟದ ಬಯೊಡೇಟಾ ಟೈಪ್ ಮಾಡಿ ನೋಡಿ. ವಿದ್ಯಾರ್ಥಿ ನೆರವಿನ ಉದ್ದದ ಫಾರಂ ತುಂಬಿ ನೋಡಿ. ಮನೆಯಲ್ಲಿ ಮೂರು ಮಕ್ಕಳು, ಒಂದು ಫೋನು, ತಿಂಗಳ ಕೊನೆಗೆ ಮುಗಿದುಹೋಗುವ ಡೇಟಾ. ವಿಡಿಯೊ ನೋಡಲು ಫೋನ್ ಸಾಕು, ಕೆಲಸ ಹುಡುಕಲು, ಪ್ರಬಂಧ ಬರೆಯಲು, ಹೊಸ ವಿದ್ಯೆ ಕಲಿಯಲು ಸಾಲುವುದಿಲ್ಲ.

ಡೆಟ್ರಾಯಿಟ್ ನಗರದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಗರದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಪ್ಪು ಜನ. ಮನೆಗಳಲ್ಲಿ ಇಂಟರ್ನೆಟ್ ಅತಿ ಕಡಿಮೆ ಇರುವ ದೊಡ್ಡ ನಗರಗಳಲ್ಲಿ ಅದೂ ಒಂದಾಗಿತ್ತು. ಅದೇ ಊರಿನಲ್ಲಿ 2016ರಲ್ಲಿ ಪೊಲೀಸರು ಪ್ರಾಜೆಕ್ಟ್ ಗ್ರೀನ್ ಲೈಟ್ ಶುರು ಮಾಡಿದರು. ಪೆಟ್ರೋಲ್ ಬಂಕ್, ಅಂಗಡಿಗಳ ಮುಂದೆ ಕ್ಯಾಮೆರಾ, ಮೇಲೆ ಮಿನುಗುವ ಹಸಿರು ದೀಪ, ದೃಶ್ಯ ನೇರವಾಗಿ ಪೊಲೀಸ್ ಕಂಟ್ರೋಲ್ ರೂಮಿಗೆ. ಈ ಕ್ಯಾಮೆರಾಗಳಿಗೆ ವೇಗದ ಇಂಟರ್ನೆಟ್ ಬೇಕೇ ಬೇಕು, ಅದು ಬಂತು. ಆಮೇಲೆ ಮುಖ ಗುರುತಿಸುವ ತಂತ್ರಜ್ಞಾನವೂ ಪೊಲೀಸರ ಕೈಗೆ ಬಂತು. ಬೇರೊಂದು ಅಂಗಡಿಯ ಕಳ್ಳತನದ ವಿಡಿಯೊ ಇಟ್ಟುಕೊಂಡು ಆ ತಂತ್ರಾಂಶ ತಪ್ಪು ಮುಖ ತೋರಿಸಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ನಿರಪರಾಧಿ ಕಪ್ಪು ಮನುಷ್ಯನೊಬ್ಬನನ್ನು ಆತನ ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರೇ ಬಂಧಿಸಿದರು. ಮಾಹಿತಿ ತಂತ್ರಜ್ಞಾನ ಈ ಬಡಾವಣೆಗಳಿಗೆ ಬರಲೇ ಇಲ್ಲ ಅನ್ನುವಂತಿಲ್ಲ. ಜನರ ಮೇಲೆ ಕಣ್ಣಿಡಲು ಬೇಗ ಬಂತು, ಜನ ತಾವೇ ಬಳಸಿಕೊಳ್ಳಲು ಬರಲು ತಡವಾಯಿತು.

ಸರ್ಕಾರ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. 2021ರ ನವೆಂಬರ್‌ನಲ್ಲಿ ಬಂದ ಮೂಲಸೌಕರ್ಯ ಕಾನೂನು ಬ್ರಾಡ್‌ಬ್ಯಾಂಡಿಗೆ ಸುಮಾರು 6,500 ಕೋಟಿ ಡಾಲರ್ ತೆಗೆದಿಟ್ಟಿತು. ಅದರಲ್ಲಿ 1,420 ಕೋಟಿ ಡಾಲರ್ ಅಫರ್ಡಬಲ್ ಕನೆಕ್ಟಿವಿಟಿ ಪ್ರೋಗ್ರಾಂಗೆ. ಬಡ ಕುಟುಂಬದ ಇಂಟರ್ನೆಟ್ ಬಿಲ್ಲಿನಲ್ಲಿ ತಿಂಗಳಿಗೆ 30 ಡಾಲರ್ ಕಡಿತ, ಮೂಲನಿವಾಸಿಗಳ ಪ್ರದೇಶಗಳಲ್ಲಿ 75 ಡಾಲರ್. 2 ಕೋಟಿ 30 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಸೇರಿಕೊಂಡವು. ಆಸಕ್ತಿ ಇಲ್ಲ ಅಂತ ಹೇಳುತ್ತಿದ್ದವರಿಗೆ ಇದಕ್ಕಿಂತ ಉತ್ತರ ಬೇಕಾ? ಆದರೆ ಹಣ ಮುಗಿಯುತ್ತಾ ಬಂತು, ಸಂಸತ್ತು ಮತ್ತೆ ಕೊಡಲಿಲ್ಲ. 2024ರ ಫೆಬ್ರುವರಿಯಲ್ಲಿ ಹೊಸ ಅರ್ಜಿ ನಿಂತಿತು, ಜೂನ್ ಹೊತ್ತಿಗೆ ಯೋಜನೆಯೇ ಮುಗಿಯಿತು. ಈಗ ಉಳಿದಿರುವುದು 1985ರಿಂದ ನಡೆದು ಬಂದ ಲೈಫ್‌ಲೈನ್ ಯೋಜನೆ, ಬಿಲ್ಲಿನಲ್ಲಿ ತಿಂಗಳಿಗೆ 9.25 ಡಾಲರ್ ಕಡಿತ.

2021ರ ಅದೇ ಮೂಲಸೌಕರ್ಯ ಕಾನೂನಿನಲ್ಲಿ ಇನ್ನೊಂದು ಒಳ್ಳೆಯ ಅಂಶ ಇತ್ತು. ಇಂಟರ್ನೆಟ್ ಒದಗಿಸುವುದರಲ್ಲಿ ಆದಾಯ, ಬಣ್ಣ, ಜನಾಂಗ, ಧರ್ಮ, ಮೂಲ ದೇಶದ ಆಧಾರದ ತಾರತಮ್ಯವನ್ನು ತಡೆಯಿರಿ ಅಂತ ಅದು ಸಂವಹನ ಆಯೋಗಕ್ಕೆ ಹೇಳಿತು. ಆದಾಯವನ್ನೂ ಸೇರಿಸಿದ್ದು ಸಣ್ಣ ಮಾತಲ್ಲ, ಅಮೆರಿಕದ ನಾಗರಿಕ ಹಕ್ಕುಗಳ ಕಾನೂನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. 2023ರ ನವೆಂಬರ್‌ನಲ್ಲಿ ಆಯೋಗ 3-2 ಮತದಿಂದ ನಿಯಮ ತಂದಿತು. ಕಂಪನಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದಷ್ಟೇ ಅಲ್ಲ, ಅದರ ನಡೆಯಿಂದ ಆದ ಪರಿಣಾಮವನ್ನೂ ನೋಡುತ್ತೇವೆ ಅಂದಿತು. ಕ್ಲೀವ್‌ಲ್ಯಾಂಡ್‌ನಂಥ ಪ್ರಕರಣಕ್ಕೆ ಬೇಕಾಗಿದ್ದು ಇದೇ. ಉದ್ಯಮದ ಸಂಘಗಳು ತಕ್ಷಣ ಕೋರ್ಟಿಗೆ ಹೋದವು.

2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್, 275 ಕೋಟಿ ಡಾಲರಿನ ಡಿಜಿಟಲ್ ಈಕ್ವಿಟಿ ಕಾನೂನು ಜನಾಂಗೀಯ ತಾರತಮ್ಯದ್ದು, ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ಅದರ ಅನುದಾನ ನಿಲ್ಲಿಸಿದರು. ಆ ಕಾನೂನಿನ ಫಲಾನುಭವಿಗಳ ಪಟ್ಟಿಯಲ್ಲಿ ವೃದ್ಧರು, ಅಂಗವಿಕಲರು, ಮಾಜಿ ಸೈನಿಕರು, ಹಳ್ಳಿಯವರು ಎಲ್ಲ ಇದ್ದರು. ಕಂಪ್ಯೂಟರ್ ಕಲಿಸುವುದು, ಸಾಧನ ಕೊಡುವುದು, ಅರ್ಜಿ ತುಂಬಲು ನೆರವಾಗುವುದು, ಇಂಥ ಕೆಲಸಗಳಿಗೆ ಇದ್ದ ದುಡ್ಡು ಅದು.

ಇದರ ನಡುವೆ ಕೆಲವು ಊರುಗಳು ತಾವೇ ದಾರಿ ಹುಡುಕಿಕೊಂಡಿವೆ. ಟೆನೆಸಿಯ ಚಟನೂಗಾದಲ್ಲಿ ನಗರದ್ದೇ ವಿದ್ಯುತ್ ಕಂಪನಿ ಇಪಿಬಿ ಊರಿಗೆಲ್ಲ ಫೈಬರ್ ಹಾಕಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ಸುಮಾರು 28,000 ಬಡ ವಿದ್ಯಾರ್ಥಿಗಳ ಮನೆಗೆ ಉಚಿತ ಸಂಪರ್ಕ ಕೊಡಲು ಮುಂದಾದರು. ತಂತಿ ಆಗಲೇ ಪ್ರತಿ ಬೀದಿಯಲ್ಲೂ ಇತ್ತು, ಸುಮ್ನೆ ಜೋಡಿಸುವುದಷ್ಟೇ ಬಾಕಿ. ಡೆಟ್ರಾಯಿಟ್‌ನಲ್ಲಿ ಈಕ್ವಿಟಬಲ್ ಇಂಟರ್ನೆಟ್ ಇನಿಷಿಯೇಟಿವ್ ಬಡಾವಣೆಯ ಯುವಕ ಯುವತಿಯರಿಗೇ ತರಬೇತಿ ಕೊಟ್ಟಿತು. ಅವರೇ ಮಾಳಿಗೆ ಹತ್ತಿ ಆಂಟೆನಾ ಕೂರಿಸಿ ಅಕ್ಕಪಕ್ಕದ ಮನೆಗಳಿಗೆ ಇಂಟರ್ನೆಟ್ ಹಂಚಿದರು. ಈ ಕೆಲಸ ನನಗೆ ಬಹಳ ಇಷ್ಟವಾಯಿತು. ಸಂಪರ್ಕದ ಜೊತೆಗೆ ಅದನ್ನು ಕಟ್ಟುವ, ರಿಪೇರಿ ಮಾಡುವ ವಿದ್ಯೆಯೂ ಬಡಾವಣೆಯಲ್ಲೇ ಉಳಿಯಿತು. ನ್ಯೂಯಾರ್ಕ್ ರಾಜ್ಯ 2025ರ ಜನವರಿಯಿಂದ ಬಡವರಿಗೆ ತಿಂಗಳಿಗೆ 15 ಡಾಲರಿಗೆ ಇಂಟರ್ನೆಟ್ ಕೊಡಲೇಬೇಕು ಅಂತ ಕಂಪನಿಗಳಿಗೆ ಕಡ್ಡಾಯ ಮಾಡಿದೆ.

ಕ್ಲೀವ್‌ಲ್ಯಾಂಡ್ ಕೂಡ ಸುಮ್ಮನೆ ಕೂತಿಲ್ಲ. ಕೋವಿಡ್ ಪರಿಹಾರಕ್ಕೆ ಬಂದ ಕೇಂದ್ರದ ಹಣದಲ್ಲಿ 2 ಕೋಟಿ ಡಾಲರನ್ನು 2023ರಲ್ಲಿ ಡಿಜಿಟಲ್‌ಸಿ ಎಂಬ ಲಾಭರಹಿತ ಸಂಸ್ಥೆಗೆ ಕೊಟ್ಟಿತು. ಇಡೀ ನಗರಕ್ಕೆ ವೈರ್‌ಲೆಸ್ ಇಂಟರ್ನೆಟ್, ತಿಂಗಳಿಗೆ 18 ಡಾಲರ್. ಬಡಾವಣೆ ಯಾವುದಾದರೂ ರೇಟು ಒಂದೇ, ವೇಗ ಒಂದೇ. ಇಡೀ ಊರಿಗೆ ಕೊಡಬೇಕು ಅನ್ನುವ ಷರತ್ತನ್ನು 2007ರಲ್ಲಿ ಕಳೆದುಕೊಂಡ ನಗರ, ಈಗ ತನ್ನ ಪಾಲಿಗೆ ಬಂದ ದುಡ್ಡು ಹಾಕಿ ಅದನ್ನು ವಾಪಸ್ ತರುತ್ತಿದೆ.

ಕೇಂದ್ರದ ಹತ್ತಿರ ಇಂಟರ್ನೆಟ್ ಜಾಲ ಕಟ್ಟಲು ಇನ್ನೂ ದೊಡ್ಡ ನಿಧಿ ಇದೆ, 4,245 ಕೋಟಿ ಡಾಲರ್. ಅದು ಮೊದಲು ಹೋಗುವುದು ‘ಸೇವೆ ಇಲ್ಲದ’ ವಿಳಾಸಗಳಿಗೆ, ಅಂದರೆ ಬಹುಮಟ್ಟಿಗೆ ಹಳ್ಳಿಗಳಿಗೆ. ಹಳ್ಳಿಗೆ ಹೋಗಲಿ, ಅವರಿಗೂ ಬೇಕು. ಆದರೆ ಬೀದಿಯಲ್ಲಿ ಒಂದು ದುಬಾರಿ ಕೇಬಲ್ ಇದ್ದರೂ ಸಾಕು, ಸರ್ಕಾರದ ಲೆಕ್ಕದಲ್ಲಿ ಆ ವಿಳಾಸಕ್ಕೆ ‘ಸೇವೆ ಇದೆ’. ಮನೆಯವರಿಗೆ ಬಿಲ್ಲು ಕಟ್ಟಲು ಆಗುತ್ತದೆಯೇ ಅಂತ ಆ ಲೆಕ್ಕ ಕೇಳುವುದಿಲ್ಲ. ಹಫ್, ಗ್ಲೆನ್‌ವಿಲ್‌ನಂಥ ಬಡಾವಣೆಗಳಿಗೆ ಆ ನಿಧಿಯಿಂದ ಹೆಚ್ಚೇನೂ ಬರುವುದಿಲ್ಲ. ಆ ವ್ಯಾಖ್ಯೆಯನ್ನು ಸಂಸತ್ತು ಬದಲಿಸುವವರೆಗೂ ಖರ್ಚೆಲ್ಲ ಊರಿನ ಮೇಲೆಯೇ.